ನಲವತ್ತೊಂದನೇ ಕಪಾಟು

ನಮ್ಮಲ್ಲಿ ದೊಡ್ಡ ನ್ಯಾಯಾಧೀಶರನ್ನು ಆರಿಸುವುದು
ಮುಚ್ಚಿದ ಬಾಗಿಲ ಹಿಂದಲ್ಲ, ಟೀವಿಯಲ್ಲಿ.
ನೈರೋಬಿಯ ಕೋರ್ಟು ಕ್ಯಾಂಟೀನು, ಮಂದಾಜಿ ಕರಿಯುವ ಹೊಗೆ,
ದಾಖಲೆ ಕೋಣೆಯ ನಾವು ಐದು ಮಂದಿ
ಕತ್ತೆತ್ತಿ ನೋಡಿದೆವು:
ಉದ್ದ ಮೇಜು, ಹತ್ತು ಮುಖ, ಎದುರಿಗೊಂದೇ ಕುರ್ಚಿ,
ಒಂದು ಲೋಟ ನೀರು.

ಜೀವಮಾನವಿಡೀ ಪ್ರಶ್ನೆ ಕೇಳಿದವರು
ಉತ್ತರ ಹೇಳಲು ಕೂತಿದ್ದರು,
ದಿನಕ್ಕೊಬ್ಬರಂತೆ, ಒಂಬತ್ತು ದಿನ.

ತೆರಿಗೆ ಕಟ್ಟಿದ ರಸೀದಿ ಎಲ್ಲಿ?
ಆ ತೀರ್ಪು ಬರೆಯಲು ಹದಿನಾಲ್ಕು ತಿಂಗಳು ಯಾಕೆ ಬೇಕಾಯಿತು?
ಅಧ್ಯಕ್ಷರು ರಾತ್ರಿ ಫೋನು ಮಾಡಿದರೆ ಎತ್ತುತ್ತೀರಾ?
"ಯಾವ ಅಧ್ಯಕ್ಷರು?" ಎಂದೊಬ್ಬ ಪ್ರೊಫೆಸರು ನಗಿಸಿದರು.
ಆಮೇಲೆ ಯಾರೂ ನಗಲಿಲ್ಲ.
ಯಾವ ಬುಡಕಟ್ಟು ಎಂದು ಮಾತ್ರ ಯಾರೂ ಕೇಳಲಿಲ್ಲ,
ಹೆಸರೇ ಹೇಳುತ್ತಿತ್ತು;
ಕ್ಯಾಂಟೀನಿನ ಪ್ರತಿ ಮೇಜೂ ಅಷ್ಟರಲ್ಲಿ
ಕೂಡಿ ಕಳೆದು ಲೆಕ್ಕ ಮುಗಿಸಿತ್ತು.

ಏಳನೇ ದಿನ, ಪ್ರಿಸ್ಕಾ ಚೆಮುತಾಯ್.
ಕಪ್ಪು ಚಪ್ಪಲಿ, ಹಿಮ್ಮಡಿ ಸವೆದದ್ದು,
ಕ್ಯಾಮೆರಾ ತಪ್ಪಿ ತೋರಿಸಿಬಿಟ್ಟಿತು.
"ನೀವು ಮಾಡಿದ ದೊಡ್ಡ ತಪ್ಪು?"
ಅತಿಯಾಗಿ ದುಡಿಯುವುದೇ ತಮ್ಮ ತಪ್ಪು
ಎಂದಿದ್ದರು ಉಳಿದವರೆಲ್ಲ.
ಈಕೆ ನೀರು ಕುಡಿದರು. ಲೋಟ ಕೆಳಗಿಟ್ಟರು.
"ಕಿಟುಯಿಯಲ್ಲಿ ಮ್ಯಾಜಿಸ್ಟ್ರೇಟ್ ಆಗಿದ್ದಾಗ
ಒಂದು ಜಮೀನು ಕೇಸಿನ ಕಡತ ಕಾಣೆಯಾಯಿತು.
ಹುಡುಕಿ ಎಂದೆ. ಸಿಗಲಿಲ್ಲ ಎಂದರು.
ಮುಂದಿನದು ಕರೆಯಿರಿ ಎಂದೆ.
ಆ ಹೆಂಗಸು ಕಟಕಟೆಯ ಪಕ್ಕ ಇನ್ನೂ ನಿಂತೇ ಇದ್ದಳು."

ನನ್ನ ಕೈಯ ಚಹಾ ಆರಿತು.
ಕಿಟುಯಿಯ ಗುಮಾಸ್ತ ಆಗ ನಾನೇ.
ಕಡತವೊಂದು ಕಾಣೆಯಾಗಲು ಏನು ದರ ಎಂದು ಬಲ್ಲವನೂ ನಾನೇ:
ಮೂರು ಸಾವಿರ ಶಿಲಿಂಗು.
ಮಗಳಿಗೆ ಶಾಲೆಯ ಸಮವಸ್ತ್ರ ಬಂತು,
ಸ್ವಲ್ಪ ಚಿಲ್ಲರೆಯೂ ಉಳಿಯಿತು.
ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎನ್ನುತ್ತಾರಲ್ಲ,
ಸ್ಯೊಕಾವು ಗೆಲ್ಲಲೂ ಇಲ್ಲ, ಸೋಲಲೂ ಇಲ್ಲ.
ಪ್ರತಿ ಸೋಮವಾರ ಬಂದು
"ಒಮೋಲೊ, ಸಿಕ್ಕಿತೇ?" ಎನ್ನುತ್ತಿದ್ದಳು,
ಕಳೆದುಕೊಂಡವನು ನಾನೆಂಬಂತೆ, ಮೆಲ್ಲಗೆ.

ಆಯೋಗ ಒಂದೇ ಹೆಸರು ಬರೆದು ಕಳಿಸಿತು.
ಅಧ್ಯಕ್ಷರಿಗೆ ಬೇಕಾದದ್ದು ಬೇರೆಯವರಂತೆ, ಕ್ಯಾಂಟೀನಿನ ಸುದ್ದಿ;
ಆದರೂ ಸಂಸತ್ತಿಗೆ ದಾಟಿಸಿದರು.
ಅಲ್ಲಿ ಮತ್ತೊಮ್ಮೆ ಅಳೆದು ಸುರಿದು
ಕೊನೆಗೆ ಹೌದು ಹೌದೆಂಬ ಗದ್ದಲ.
ಹುಲ್ಲುಹಾಸಿನ ಮೇಲೆ, ಬಲಗೈಯಲ್ಲಿ ಬೈಬಲ್,
ಭಯವಿಲ್ಲದೆ, ಪಕ್ಷಪಾತವಿಲ್ಲದೆ, ಎಂದು ಓದುವಾಗ
ಗಾಳಿ ಕಾಗದವನ್ನು ಎಳೆದಾಡುತ್ತಿತ್ತು.

ಅವರ ಕೆಲಸ ಏನಜ್ಜ? ಮಗಳ ಮಗ ಕೇಳುತ್ತಾನೆ,
ಶಾಲೆಗೆ ಬರೆದುಕೊಂಡು ಹೋಗಬೇಕಂತೆ.
ಅಧ್ಯಕ್ಷರಿಗೆ ಪ್ರಮಾಣ ಬೋಧಿಸುವವರು, ಬರಿ.
ಏಳು ಜನರ ಪೀಠದ ನಡುವೆ ಕೂರುತ್ತಾರೆ,
ಮತ ಮಾತ್ರ ಒಂದೇ, ಬರಿ.
ಚುನಾವಣೆ ಸೋತವನು ದೂರು ತಂದರೆ
ಹದಿನಾಲ್ಕು ದಿನದೊಳಗೆ ತೀರ್ಪು ಹೇಳಬೇಕು.
ಊರೆಲ್ಲ ಅಂಗಡಿಯ ಬಾಗಿಲು ಅರ್ಧ ಎಳೆದು
ಕಾಯುವ ಹದಿನಾಲ್ಕು ದಿನ.
ಅದನ್ನೂ ಬರಿಯಲಾ?
ಬರಿ.
ಇನ್ನು ತುರ್ಕಾನಾದಲ್ಲಿ ಟೈಪಿಸ್ಟಿಲ್ಲ,
ಲಾಮುವಿನಲ್ಲಿ ಮಾಡು ಸೋರುತ್ತದೆ,
ಅದೂ ಅವರದೇ ತಲೆನೋವು. ಬೇಡ ಬಿಡು,
ಪುಟ ಸಾಲದು.

ಮೊನ್ನೆ ಗುರುವಾರ ಅವರು ನೆಲಮಾಳಿಗೆಗೆ ಇಳಿದು ಬಂದರು.
ಅಂಗರಕ್ಷಕ ಮೆಟ್ಟಿಲ ಮೇಲೇ ನಿಂತ, ಧೂಳಿಗೆ ಸೀನುತ್ತ.
ಕಿಟುಯಿಯ ಹಳೆ ಕಡತಗಳು ಇಲ್ಲಿಗೆ ಬಂದಿವೆಯಂತಲ್ಲ?
ಹೌದಮ್ಮ.
ನಿಮ್ಮನ್ನು ಎಲ್ಲೋ ನೋಡಿದ್ದೇನೆ.
ಹೌದಮ್ಮ.

ಸುಟ್ಟೆ ಎಂದಿದ್ದೆ ದುಡ್ಡು ಕೊಟ್ಟವನಿಗೆ.
ಸುಟ್ಟಿರಲಿಲ್ಲ. ಯಾಕೆಂದು ಕೇಳಿದರೆ
ಪುಣ್ಯಾತ್ಮನ ಉತ್ತರ ನನ್ನಲ್ಲಿಲ್ಲ,
ಬೆಂಕಿಪೊಟ್ಟಣ ಒದ್ದೆಯಾಗಿತ್ತು, ಆಮೇಲೆ ಮರೆತೆ,
ಆಮೇಲೆ ಮರೆಯಲಾಗಲಿಲ್ಲ.

ಏಣಿ ಹತ್ತಿದ್ದೇನೆ. ನಲವತ್ತೊಂದನೇ ಕಪಾಟು,
ಮೇಲಿನ ಹಲಗೆ, ಗೋಡೆಗೆ ತಾಗಿಕೊಂಡು.
ದಾರ ಕೈಗೆ ಸಿಕ್ಕಿದೆ.
ಕೆಳಗೆ ಹಿಮ್ಮಡಿ ಸವೆದ ಚಪ್ಪಲಿ
ಅಲುಗದೆ ನಿಂತಿದೆ.